ಕೊವೆಂಟ್ರಿಯ ಕಾರಿಗೆ ದಾವಣಗೆರೆಯ ಮೇಸ್ತ್ರಿ

ಕಳೆದ ಬೇಸಿಗೆಯ ಒಂದು ಭಾನುವಾರ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನಾನೂ ಮಗನೂ ಒಂದೂವರೆ ವರ್ಷದಿಂದ ಜೋಡಿಸುತ್ತಿದ್ದ ಕಾರನ್ನು ಗ್ಯಾರೇಜಿನಿಂದ ಮನೆ ಮುಂದಕ್ಕೆ ತಳ್ಳಿ, ಎಂಜಿನ್ ಚಾಲೂ ಮಾಡಿದೆವು. ದಾವಣಗೆರೆಯಲ್ಲಿ ಆಗ ಮಧ್ಯಾಹ್ನ ಮೂರೂವರೆ. ಅಪ್ಪ ವಿಡಿಯೊ ಕರೆಯಲ್ಲಿ ನೋಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಉಷ್ಣತೆಯ ಮುಳ್ಳು 110 ಡಿಗ್ರಿ ದಾಟಿತು. ಎಂಜಿನ್ ನಿಲ್ಲಿಸಿದೆ. ಹದಿನಾರರ ಮಗ ಕೂಲೆಂಟ್ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದ. ಫೋನಿನಿಂದ ಅಪ್ಪ ಕೂಗಿದರು: "ಲೇ, ಮುಚ್ಚಳ ಮುಟ್ಟಬ್ಯಾಡ್ರೋ!"

ಅಪ್ಪ ಪಿ.ಬಿ. ರಸ್ತೆಯ ಲಾರಿ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದವರು. "ಈ ಗ್ರೀಸು ನನ್ನ ಕೈಗೇ ಸಾಕು" ಎಂದು ನನಗೆ ಬಿ.ಕಾಂ., ಸಿ.ಎ. ಓದಿಸಿದರು. ನಾನು ಸ್ಪ್ಯಾನರ್ ಹಿಡಿದದ್ದು ನಲವತ್ತು ದಾಟಿದ ಮೇಲೆ, ಇಲ್ಲಿ.

ಬ್ರಿಟನ್ನಿನಲ್ಲಿ ಮನೆಯಲ್ಲೇ ಕಾರು ಕಟ್ಟುವ ಹವ್ಯಾಸ ಹಳೆಯದು. ಅದರ ಹಿಂದೆ ತೆರಿಗೆಯ ಲೆಕ್ಕವೂ ಇದೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ಜೋಡಿಸಿಕೊಂಡರೆ, ಪೂರ್ತಿ ಕಾರಿನ ಮೇಲೆ ಬೀಳುತ್ತಿದ್ದ ಪರ್ಚೇಸ್ ಟ್ಯಾಕ್ಸ್ ಉಳಿಯುತ್ತಿತ್ತು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು, ಹವ್ಯಾಸ ಉಳಿಯಿತು. ನಮ್ಮದೂ ಅದೇ ಮಾದರಿಯ ತಗ್ಗಿನ ಕಾರು. ಎಂಜಿನ್ ಮಾತ್ರ ಗುಜರಿಗೆ ಹೋದ ಹಳೆಯ ಕಾರಿನದು.

ಎಂಜಿನ್ ತಣ್ಣಗಾದ ಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಟ್ಯಾಂಕು ಎಂಜಿನ್‌ಗಿಂತ ಮ್ಯಾಲೈತೋ, ಕೆಳಗೈತೋ?"

ಕೆಳಗಿತ್ತು. ನೋಡಲು ಚೆನ್ನಾಗಿರಲಿ ಎಂದು ಮುಂದೆ ರೇಡಿಯೇಟರ್ ಪಕ್ಕ ಕೂರಿಸಿದ್ದೆವು.

ಕೂಲೆಂಟ್ ಕಾದರೆ ಹಿಗ್ಗುತ್ತದೆ. ಬರೀ ನೀರೇ 20ರಿಂದ 90 ಡಿಗ್ರಿಗೆ ಏರಿದಾಗ ಶೇ 3ಕ್ಕಿಂತ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ಜಾಗ ಕೊಡುವುದು ಟ್ಯಾಂಕಿನ ಒಂದು ಕೆಲಸ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಬೇರ್ಪಡಿಸುವುದು ಇನ್ನೊಂದು. ಗಾಳಿ ಹೋಗುವುದು ಮೇಲಕ್ಕೆ. ಟ್ಯಾಂಕ್ ಕೆಳಗಿದ್ದರೆ ಗಾಳಿ ಎಂಜಿನ್ ಹೆಡ್ಡಿನಲ್ಲೇ ಕೂರುತ್ತದೆ. ಅಲ್ಲಿಗೆ ಕೂಲೆಂಟ್ ತಲುಪದೆ ಲೋಹ ಕಾಯುತ್ತದೆ. ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಮುಂದಿನ ಎರಡು ಭಾನುವಾರ ಅಪ್ಪ ಹೇಳಿದಂತೆ ಮಾಡಿದೆವು. ಎಂಜಿನ್‌ಗೂ ಸೀಟಿಗೂ ನಡುವಿನ ತಗಡಿನ ಗೋಡೆಗೆ, ಎಲ್ಲಕ್ಕಿಂತ ಎತ್ತರದಲ್ಲಿ ಟ್ಯಾಂಕ್ ಬಿಗಿದೆವು. ಅದರ ತಳದಿಂದ 19 ಮಿ.ಮೀ. ಪೈಪನ್ನು ನೀರಿನ ಪಂಪ್ ಎಳೆದುಕೊಳ್ಳುವ ಬದಿಗೆ ಕೊಟ್ಟೆವು. ಮೊದಲು ಅದನ್ನು ಎಂಜಿನ್‌ನಿಂದ ಬಿಸಿನೀರು ಹೊರಬರುವ ಪೈಪಿಗೆ ಸೇರಿಸಿದ್ದು ನಮ್ಮ ಎರಡನೇ ತಪ್ಪು. ಹೆಡ್ಡಿನ ಮತ್ತು ರೇಡಿಯೇಟರಿನ ಮೇಲ್ತುದಿಯಿಂದ ಒಂದೊಂದು 8 ಮಿ.ಮೀ. ಪೈಪು ಟ್ಯಾಂಕಿನ ಮೇಲ್ಭಾಗಕ್ಕೆ ಹೋಯಿತು. ಈ ಪೈಪುಗಳು ಎಲ್ಲೂ ಜೋತುಬೀಳದೆ ಏರುತ್ತಲೇ ಹೋಗಬೇಕು. ಹೀಟರ್ ತೆರೆದಿಟ್ಟು, ಪೈಪುಗಳನ್ನು ಹಿಚುಕುತ್ತಾ ನಿಧಾನವಾಗಿ ಕೂಲೆಂಟ್ ತುಂಬಿದೆವು. ಟ್ಯಾಂಕಿನ ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಟ್ಟೆವು.

ಊರಿನಲ್ಲಿ ಕಾರು ಓಡಿಸುವವರೂ ಅಪ್ಪನ ಕೂಗನ್ನು ನೆನಪಿಡಬೇಕು. ಸುಮಾರು 1 ಬಾರ್ ಒತ್ತಡ ಹಿಡಿದಿಡುವ ಮುಚ್ಚಳದ ಕೆಳಗೆ ನೀರು 120 ಡಿಗ್ರಿಯವರೆಗೂ ಕುದಿಯುವುದಿಲ್ಲ. ಬಿಸಿಯಲ್ಲೇ ತೆರೆದರೆ ಒತ್ತಡ ಇಳಿದು, ಆ ಕ್ಷಣವೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಘಾಟಿಯಲ್ಲಿ ಕಾರು ಕಾದರೆ ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ಆರುವವರೆಗೆ ಕಾಯಿರಿ. ಕೂಲೆಂಟ್‌ನಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಚೆಲ್ಲಿದರೆ ಮಕ್ಕಳು, ನಾಯಿಗಳ ಕೈಗೆ, ಬಾಯಿಗೆ ಸಿಗದಂತೆ ತೊಳೆದುಬಿಡಿ.

ಮೂರನೇ ಭಾನುವಾರ ಮುಳ್ಳು 90ರ ಆಸುಪಾಸಿನಲ್ಲೇ ನಿಂತಿತು. ಫ್ಯಾನ್ ತಾನಾಗಿ ಹತ್ತಿತು, ತಾನಾಗಿ ಆರಿತು. ಇನ್ನು ಐವಿಎ ಎಂಬ ಸರ್ಕಾರಿ ತಪಾಸಣೆ ಬಾಕಿ. ಅದು ಪಾಸಾಗಿ ನೋಂದಣಿಯಾದರಷ್ಟೇ ಕಾರನ್ನು ರಸ್ತೆಯಲ್ಲಿ ಓಡಿಸಬಹುದು. "ಅಜ್ಜಾ, ಸರಿ ಆಯ್ತಾ?" ಎಂದ ಮಗ. ಅಪ್ಪ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು.

"ಸರಿ ಆತು. ತಣ್ಣಗಾದ ಮ್ಯಾಲೆ ಕೆಳಗಿನ ಪೈಪಿನ ಕ್ಲಿಪ್ಪು ಇನ್ನೊಂದ್ಸಲ ಬಿಗಿ ಮಾಡು. ನಿಮ್ಮಪ್ಪಂಗೆ ಬಿಡಬ್ಯಾಡ, ನೀನೇ ಮಾಡು."