ಹಾಡಿದೆ, ಪ್ರಾಜೆಕ್ಟ್ ತೆರೆಯುತ್ತಿಲ್ಲ

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಸಭೆಯ ಮುಂದೆ ಬಂದವು. ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಖರ್ಚಿಗೆ 4,800 ಡಾಲರಿನ ಖಾತರಿ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಅವರಿಗೆ ಹೋಗಲಾಗಲಿಲ್ಲ. ಹಾಡುಗಳನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕು, ಅವು ಅರಮನೆಯ ದೊಡ್ಡ ರೆಕಾರ್ಡು ಸಂಗ್ರಹಕ್ಕೆ ಸೇರಬೇಕು ಎಂಬುದು ಒಪ್ಪಂದ. ಆ ಮುದ್ರಣ ಈಗಲೂ ಸಿ.ಡಿ.ಯಲ್ಲಿ ಸಿಗುತ್ತದೆ. ಕರಕರ ಸದ್ದು ವಿಪರೀತ, ಆದರೆ ಫ್ಲಾಗ್‌ಸ್ಟಾಡರ ಕಂಠ ಅದನ್ನು ಸೀಳಿಕೊಂಡು ಬರುತ್ತದೆ.

ಇದೇ ಮೈಸೂರಿನ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಮನೆಯ ಮಹಡಿ ಮೇಲೆ ಸ್ಟುಡಿಯೊ ಇಟ್ಟುಕೊಂಡವರನ್ನು ಕೇಳಿ ನೋಡಿ: 2003ರಲ್ಲಿ ಮಾಡಿದ ಭಾವಗೀತೆಯ ಪ್ರಾಜೆಕ್ಟನ್ನು ಈಗ ತೆರೆಯುತ್ತೀರಾ? ಹೆಚ್ಚಿನವರು ನಗುತ್ತಾರೆ. ಹಾರ್ಡ್‌ಡಿಸ್ಕ್ ಇದೆ, ಫೋಲ್ಡರ್ ಇದೆ, ಆದರೆ ತೆರೆಯುವ ಸಾಫ್ಟ್‌ವೇರ್ ಇಲ್ಲ. 75 ವರ್ಷದ ಹಿಂದಿನ ತಟ್ಟೆ ಮಾತಾಡುತ್ತದೆ, 20 ವರ್ಷದ ಹಿಂದಿನ ಕಂಪ್ಯೂಟರ್ ಕಡತ ಬಾಯಿ ಬಿಡುವುದಿಲ್ಲ.

ಕಾರಣ, ಪ್ರಾಜೆಕ್ಟ್ ಕಡತದಲ್ಲಿ ಸಂಗೀತವೇ ಇರುವುದಿಲ್ಲ. ತಟ್ಟೆಯ ಗೆರೆಯಲ್ಲಿ ಗಾಳಿಯ ಕಂಪನದ ಪಡಿಯಚ್ಚು ಇದೆ; ಮುಳ್ಳು ಅದರ ಮೇಲೆ ಹರಿದರೆ ಸಾಕು, ಶಬ್ದ ಹುಟ್ಟುತ್ತದೆ. ಪ್ರಾಜೆಕ್ಟ್ ಕಡತದಲ್ಲಿರುವುದು ಆದೇಶಗಳು. ಇಂಥ ಧ್ವನಿ ಕಡತದ ಹನ್ನೆರಡನೇ ಸೆಕೆಂಡಿನಿಂದ ಇಪ್ಪತ್ತನೆಯದರ ತನಕ ತೆಗೆದುಕೋ, ಪಲ್ಲವಿ ಮುಗಿದಲ್ಲಿ ಇಡು, ಕೊಳಲನ್ನು ಸ್ವಲ್ಪ ಎಡಕ್ಕೆ ಸರಿಸು, ಇಂಥ ಪ್ಲಗಿನ್ನಿನಿಂದ (ಧ್ವನಿಗೆ ಬಣ್ಣ ಕೊಡುವ ಪುಟ್ಟ ಜೋಡು ಪ್ರೋಗ್ರಾಮಿನಿಂದ) ಗುಂಯ್‌ಗುಡಿಸು. ನಿಜವಾದ ಧ್ವನಿ ಪಕ್ಕದ ಫೋಲ್ಡರಿನಲ್ಲಿ ನೂರಾರು ತುಂಡುಗಳಾಗಿ ಬಿದ್ದಿರುತ್ತದೆ. ಐದು ನಿಮಿಷದ ಹಾಡಿಗೆ ಇಪ್ಪತ್ತು ಟ್ರ್ಯಾಕ್, 24 ಬಿಟ್, ಸೆಕೆಂಡಿಗೆ 48,000 ಸ್ಯಾಂಪಲ್ ಎಂದಿಟ್ಟುಕೊಂಡರೆ ಧ್ವನಿಯ ಭಾಗವೇ 860 ಮೆಗಾಬೈಟ್ ದಾಟುತ್ತದೆ. ಅವನ್ನು ಜೋಡಿಸುವ ಆದೇಶದ ಕಡತ ಒಂದೆರಡು ಮೆಗಾಬೈಟ್ ಇದ್ದರೆ ಹೆಚ್ಚು. ಆ ಪುಟ್ಟ ಕಡತವನ್ನು ಪ್ರತಿ ಕಂಪನಿಯೂ ತನ್ನದೇ ಗುಟ್ಟಿನ ಲಿಪಿಯಲ್ಲಿ ಬರೆದಿಟ್ಟಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಮದುವೆ ಕರೆಯೋಲೆ ಬೇರೆ ಕಂಪ್ಯೂಟರಿನಲ್ಲಿ ವಿಚಿತ್ರ ರೋಮನ್ ಅಕ್ಷರಗಳಾಗಿ ಕಂಡದ್ದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಎಲ್ಲರೂ ಹೀಗೆ ಎಂದಲ್ಲ: ರೀಪರ್ ಎಂಬ ಸಾಫ್ಟ್‌ವೇರ್ ತನ್ನ ಪ್ರಾಜೆಕ್ಟನ್ನು ಸಾದಾ ಪಠ್ಯವಾಗಿಯೇ ಬರೆಯುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಈ ಒಂದು ಗುಣಕ್ಕಾಗಿಯೇ ನನಗೆ ಅದರ ಮೇಲೆ ಗೌರವ.

ಹಾಗಾದರೆ ಹಳೆಯ ಸಾಫ್ಟ್‌ವೇರನ್ನೇ ಬಳಸುತ್ತಾ ಇರಬಹುದಲ್ಲ? ಕಂಪನಿಗಳು ಬಿಡಬೇಕಲ್ಲ. 2002ರಲ್ಲಿ ಆ್ಯಪಲ್ ಜರ್ಮನಿಯ ಇಮ್ಯಾಜಿಕ್ ಕಂಪನಿಯನ್ನು ಕೊಂಡಿತು. ಅದರ ಲಾಜಿಕ್ ಸಾಫ್ಟ್‌ವೇರಿನ ವಿಂಡೋಸ್ ಆವೃತ್ತಿ ಅಲ್ಲಿಗೇ ನಿಂತಿತು. 2017ರ ನವೆಂಬರಿನಲ್ಲಿ ಗಿಬ್ಸನ್ ಕಂಪನಿ ಕೇಕ್‌ವಾಕ್ ಸಾಫ್ಟ್‌ವೇರಿನ ಅಭಿವೃದ್ಧಿಯನ್ನು ನಿಲ್ಲಿಸಿತು, ಮರುವರ್ಷ ಬ್ಯಾಂಡ್‌ಲ್ಯಾಬ್ ಕೊಂಡುಕೊಂಡದ್ದರಿಂದ ಅದರ ಬಳಕೆದಾರರು ಬಚಾವಾದರು. ಕಂಪನಿ ಬದುಕಿದ್ದರೂ ಕೆಳಗಿನ ನೆಲ ಸರಿಯುತ್ತದೆ. 2019ರ ಮ್ಯಾಕ್ ಕ್ಯಾಟಲಿನಾ 32 ಬಿಟ್ ಪ್ರೋಗ್ರಾಮುಗಳನ್ನು ಒಂದೇ ಏಟಿಗೆ ಹೊರಹಾಕಿತು. ಅದರೊಂದಿಗೆ ಎಷ್ಟೋ ಹಳೆಯ ಪ್ಲಗಿನ್‌ಗಳೂ ಹೋದವು. ಸಾಫ್ಟ್‌ವೇರಿಗೆ ಬೀಗದ ಕೈಯಂತಿರುವ ಡಾಂಗಲ್ ಕಳೆದರಂತೂ ಮಾತೇ ಇಲ್ಲ.

ಆದ್ದರಿಂದ ಒಂದಲ್ಲ ಒಂದು ದಿನ ಸಾಗಿಸಲೇಬೇಕು. ಆಗ ಹಾಡು ಒಡೆಯುವುದು ಎಲ್ಲಿ ಎಂಬುದು ಕುತೂಹಲದ ವಿಷಯ, ಏಕೆಂದರೆ ಅದು ಒಡೆಯುವ ಜಾಗಗಳು ಯಾವಾಗಲೂ ಅವೇ.

ಮೊದಲನೆಯದು ಶ್ರುತಿ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಮುದ್ರಿಸಿದ್ದನ್ನು ಹೊಸ ಸಾಫ್ಟ್‌ವೇರ್ 48,000 ಎಂದು ಭಾವಿಸಿ ನುಡಿಸಿದರೆ ಹಾಡು ಶೇಕಡ 8.8ರಷ್ಟು ವೇಗವಾಗುತ್ತದೆ. ಐದು ನಿಮಿಷದ್ದು 4 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ, ಒಂದು ಮನೆ ಶ್ರುತಿಯಲ್ಲಿ ಹಾಡಿದವರ ಕಂಠ ಒಂದೂವರೆಗೂ ಎರಡು ಮನೆಗೂ ನಡುವೆ ಯಾವ ಹಾರ್ಮೋನಿಯಂಗೂ ಸಿಗದ ಜಾಗದಲ್ಲಿ ನಿಲ್ಲುತ್ತದೆ. ಸಾಮಾನ್ಯ ವೇವ್ ಕಡತದ ತಲೆಯಲ್ಲೇ ಈ ಸಂಖ್ಯೆ ಬರೆದಿರುವುದರಿಂದ ಅಪಾಯ ಕಡಿಮೆ. ಹಳೆಯ ಮ್ಯಾಕ್‌ಗಳಲ್ಲಿ ಬಳಕೆಯಲ್ಲಿದ್ದ ಸೌಂಡ್ ಡಿಸೈನರ್ 2 ಎಂಬ ಬಗೆಯ ಕಡತದಲ್ಲಿ ಮಾತ್ರ ಈ ವಿವರವನ್ನು ಮ್ಯಾಕ್‌ಗೆ ಮಾತ್ರ ಗೊತ್ತಿರುವ ಇನ್ನೊಂದು ಪದರದಲ್ಲಿ ಅಡಗಿಸಿಡುತ್ತಿದ್ದರು. ಪೆನ್‌ಡ್ರೈವಿಗೆ ನಕಲು ಮಾಡಿ ವಿಂಡೋಸ್‌ಗೆ ತಂದರೆ ಆ ಪದರವೇ ಉದುರಿಹೋಗಿ ಬರೀ ಅಂಕಿಗಳ ರಾಶಿ ಉಳಿಯುತ್ತದೆ.

ಎರಡನೆಯದು ಕಾಲ. ತುಂಡುಗಳು ಎಲ್ಲಿ ಕೂರಬೇಕೆಂಬುದನ್ನು ಕೆಲವು ಸಾಫ್ಟ್‌ವೇರ್‌ಗಳು ಸೆಕೆಂಡಿನಲ್ಲಿ, ಕೆಲವು ತಾಳದ ಆವರ್ತದಂತೆ ಬಾರ್ ಮತ್ತು ಬೀಟ್‌ಗಳಲ್ಲಿ ಬರೆದಿಡುತ್ತವೆ. ಕ್ಲಿಕ್ ಇಲ್ಲದೆ ಹಾಡಿದ ಆಲಾಪನೆಗೂ ಉಗಾಭೋಗಕ್ಕೂ ಬೀಟ್ ಎಲ್ಲಿಯದು? ಸಾಫ್ಟ್‌ವೇರ್ ತಾನಾಗಿ ನಿಮಿಷಕ್ಕೆ 120 ಎಂದು ಊಹಿಸಿಕೊಂಡಿರುತ್ತದೆ. ಸಾಗಿಸುವಾಗ ಈ ಸಂಖ್ಯೆ ಬದಲಾದರೆ ಗಾಯಕಿ ಒಂದು ಕಡೆ, ವಯಲಿನ್ ಇನ್ನೊಂದು ಕಡೆ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 1997ರಲ್ಲಿ ರೂಪಿಸಿದ ಬ್ರಾಡ್‌ಕಾಸ್ಟ್ ವೇವ್ ಇಂಥಲ್ಲಿ ಕೈಹಿಡಿಯುತ್ತದೆ: ಅದರಲ್ಲಿ ಪ್ರತಿ ತುಂಡೂ ತನ್ನ ಜಾಗವನ್ನು ಸ್ಯಾಂಪಲ್ ಲೆಕ್ಕದಲ್ಲಿ ತಾನೇ ಹೊತ್ತುಕೊಂಡಿರುತ್ತದೆ.

ನಮ್ಮ ಸಂಗೀತಕ್ಕೆ ನಿಜವಾದ ಕಂಟಕ ಇರುವುದು ಮಿಡಿಯಲ್ಲಿ. 1983ರಲ್ಲಿ ಬಂದ ಈ ಒಡಂಬಡಿಕೆ ಕೀಬೋರ್ಡಿನ ಯಾವ ಮನೆ, ಎಷ್ಟು ಜೋರಾಗಿ, ಎಷ್ಟು ಹೊತ್ತು ಎಂಬಂಥ ಸೂಚನೆಗಳನ್ನಷ್ಟೇ ಕೊಡುತ್ತದೆ. ಎಲ್ಲ ಸಾಫ್ಟ್‌ವೇರ್‌ಗಳಿಗೂ ಅದು ಅರ್ಥವಾಗುವುದರಿಂದ ಮಿಡಿ ಕಡತ ಸುಲಭವಾಗಿ ದಾಟುತ್ತದೆಂದು ಎಲ್ಲರೂ ಹೇಳುತ್ತಾರೆ. ಪಿಯಾನೋಗೆ ಅದು ನಿಜ. ಕೀಬೋರ್ಡಿನಲ್ಲಿ ವೀಣೆಯನ್ನೋ ನಾದಸ್ವರವನ್ನೋ ನುಡಿಸುವವರು ಎಡಗೈಯಲ್ಲಿ ಪಿಚ್ ಬೆಂಡ್ ಚಕ್ರವನ್ನು ತಿರುಗಿಸುತ್ತಾ ಗಮಕ ತೆಗೆಯುತ್ತಾರೆ. ಆ ಚಕ್ರದ ಸ್ಥಾನವನ್ನು ಮಿಡಿ 0ಯಿಂದ 16,383ರ ತನಕ ಒಂದು ಅಂಕಿಯಾಗಿ ಬರೆಯುತ್ತದೆ. ನಡುವಿನ 8,192 ಎಂದರೆ ಚಕ್ರ ನೆಟ್ಟಗಿದೆ ಎಂದರ್ಥ. ಆದರೆ ಅಷ್ಟು ತಿರುಗಿಸಿದರೆ ಸ್ವರ ಎಷ್ಟು ಸರಿಯಬೇಕು? ಅದನ್ನು ನಿರ್ಧರಿಸುವುದು ಮಿಡಿಯಲ್ಲ, ಆ ಕಡೆ ಕುಳಿತ ವಾದ್ಯ. ಸಾಮಾನ್ಯವಾಗಿ ಪೂರ್ತಿ ತಿರುಗಿಸಿದರೆ ಎರಡು ಸ್ವರಸ್ಥಾನ ಎಂದಿರುತ್ತದೆ. ಹೊಸ ಸಾಫ್ಟ್‌ವೇರಿನ ವೀಣೆಯಲ್ಲಿ ಅದು ಹನ್ನೆರಡು ಎಂದಿದ್ದರೆ, ಷಡ್ಜದಿಂದ ಶುದ್ಧ ರಿಷಭಕ್ಕೆ ಜಾರಬೇಕಾದದ್ದು ನೇರವಾಗಿ ಪ್ರತಿಮಧ್ಯಮಕ್ಕೆ ಹಾರುತ್ತದೆ. ತಿರುವುಮುರುವಾದರೆ ಇನ್ನೂ ಕಷ್ಟ, ಗಮಕ ಆರನೇ ಒಂದು ಪಾಲಿಗೆ ಕುಗ್ಗಿ ಸ್ವರ ಸ್ವಲ್ಪ ಅಪಶ್ರುತಿಯಾಗಿದೆಯೇನೋ ಎಂಬಂತೆ ಕೇಳುತ್ತದೆ, ತಪ್ಪು ಎಲ್ಲಿದೆ ಎಂದು ತಿಳಿಯುವುದೇ ಇಲ್ಲ. ಈ ವ್ಯಾಪ್ತಿಯನ್ನು ಮಿಡಿ ಸಂದೇಶವಾಗಿ ಕಡತದೊಳಗೆ ಬರೆದಿಡುವ ಉಪಾಯವೇನೋ ಇದೆ. ಬಹಳ ಮಂದಿ ಕೀಬೋರ್ಡಿನ ಗುಂಡಿ ಒತ್ತಿ ಹೊಂದಿಸಿಕೊಂಡಿರುತ್ತಾರೆ, ಹಾಗಾಗಿ ಕಡತದಲ್ಲಿ ಅದರ ಸುಳಿವೇ ಇರುವುದಿಲ್ಲ. ತೋಡಿಯ ಗಾಂಧಾರವನ್ನು ಒಂದು ಅಂಕಿಯ ನಂಬಿಕೆಯ ಮೇಲೆ ಬಿಟ್ಟಿರುವುದು ನನಗಂತೂ ಧೈರ್ಯದ ಕೆಲಸವೆನಿಸುತ್ತದೆ.

ಮಿಕ್ಸಿಂಗಿನ ಮಟ್ಟಗಳೂ ದಾಟುವಾಗ ಅಲುಗುತ್ತವೆ. ನಡುವಿನಲ್ಲಿಟ್ಟ ಧ್ವನಿ ಎರಡೂ ಸ್ಪೀಕರುಗಳಿಂದ ಬಂದು ಜೋರಾಗಿ ಕೇಳದಿರಲೆಂದು ಸಾಫ್ಟ್‌ವೇರ್‌ಗಳು ಅದನ್ನು ತಗ್ಗಿಸುತ್ತವೆ. ಎಷ್ಟು ಎಂಬುದರಲ್ಲಿ ಒಮ್ಮತವಿಲ್ಲ: 3 ಡೆಸಿಬೆಲ್, 4.5, 6, ಕೆಲವೊಮ್ಮೆ ಸೊನ್ನೆ. ಹೀಗಾಗಿ ಫೇಡರಿನ ಅಂಕಿಗಳೆಲ್ಲ ಯಥಾವತ್ತು ಬಂದರೂ ಗಾಯಕರ ಧ್ವನಿ ತಬಲಾದ ಹಿಂದೆ ಸರಿದಿರಬಹುದು. ಇನ್ನು ಪ್ಲಗಿನ್‌ಗಳು ಹೊಸ ಕಡೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಲ್ಲರಿಗೂ ಓದಲು ಬರುವ ಒಂದು ಕಡತ ಬೇಕೆಂಬ ಯತ್ನ ಹೊಸದಲ್ಲ. ಎವಿಡ್ ಕಂಪನಿ 1990ರ ದಶಕದಲ್ಲೇ ಓಎಂಎಫ್ ಎಂಬುದನ್ನು ತಂದಿತು. ಸಿನಿಮಾ ಸಂಕಲನದವರು ಅದನ್ನು, ಅದರ ನಂತರ ಬಂದ ಎಎಎಫ್ ಅನ್ನು ಈಗಲೂ ಬಳಸುತ್ತಾರೆ. ಅವು ಧ್ವನಿಯ ತುಂಡುಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತವೆ, ಮಿಡಿಯನ್ನು ಕೈಬಿಡುತ್ತವೆ. 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಕಂಪನಿಗಳು ಡಾಪ್ರಾಜೆಕ್ಟ್ ಎಂಬ ಮುಕ್ತ ಮಾದರಿಯನ್ನು ಹೊರತಂದವು. ಟ್ರ್ಯಾಕ್, ಮಿಡಿ, ಕಾಲದ ನಕ್ಷೆ, ಪ್ಲಗಿನ್‌ಗಳ ಹೊಂದಿಕೆ ಎಲ್ಲವೂ ಅದರಲ್ಲಿ ದಾಟುತ್ತವೆ, ಮರುವರ್ಷ ಕ್ಯೂಬೇಸ್ ಸಾಫ್ಟ್‌ವೇರ್ ಕೂಡ ಒಪ್ಪಿಕೊಂಡಿತು. ಆದರೆ ಅದನ್ನು ಬರೆಯಬಲ್ಲದ್ದು ಇಂದಿನ ಆವೃತ್ತಿಗಳು ಮಾತ್ರ. 2003ರ ಕಡತವನ್ನು ಅವು ತೆರೆಯದಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ.

1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದ ಊರು ಇದು. ಮನೆಯಲ್ಲೇ ಕುಳಿತು ಹಳೆಯ ಹಾಡನ್ನು ಉಳಿಸಿಕೊಳ್ಳುವವರಿಗೆ ಇಲ್ಲಿ ಕೊರತೆ ಇರಲಾರದು. ಅವರು ಮಾಡಬೇಕಾದದ್ದು ಇಷ್ಟು: ಹಳೆಯ ಕಂಪ್ಯೂಟರ್ ಇನ್ನೂ ಏಳುತ್ತದಾದರೆ ಹಳೆಯ ಸಾಫ್ಟ್‌ವೇರಿನಲ್ಲೇ ಪ್ರಾಜೆಕ್ಟ್ ತೆರೆದು, ಒಂದೊಂದು ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದ ಕೊನೆಯ ತನಕ ಒಂದೇ ಉದ್ದದ ವೇವ್ ಕಡತವಾಗಿ ತೆಗೆಯುವುದು. ಪ್ಲಗಿನ್ ಸಹಿತ ಒಂದು ಸಲ, ಪ್ಲಗಿನ್ ಇಲ್ಲದೆ ಒಂದು ಸಲ. ಮಿಡಿ ವೀಣೆಯನ್ನೂ ಧ್ವನಿಯಾಗಿಯೇ ಇಳಿಸಿಕೊಳ್ಳಬೇಕು, ಮಿಡಿಯನ್ನು ಜೊತೆಗೆ ಇಟ್ಟುಕೊಂಡರಾಯಿತು. ಎಲ್ಲ ಕಡತಗಳೂ ಸೊನ್ನೆಯಿಂದಲೇ ಶುರುವಾಗುವುದರಿಂದ ಯಾವ ಸಾಫ್ಟ್‌ವೇರಿನಲ್ಲಿ ಜೋಡಿಸಿದರೂ ತಪ್ಪುವುದಿಲ್ಲ. ಹೀಗೆ ಮಾಡಿದರೆ ಒಂದು ಸ್ವರವನ್ನು ಆಮೇಲೆ ತಿದ್ದುವ ಸ್ವಾತಂತ್ರ್ಯ ಹೋಗುತ್ತದೆ. ತಬಲಾ ತೆಗೆದು ಮೃದಂಗ ಸೇರಿಸುವ, ಹಳೆಯ ಕಂಠಕ್ಕೆ ಹೊಸ ಹಿನ್ನೆಲೆ ಕೊಡುವ ಸ್ವಾತಂತ್ರ್ಯ ಉಳಿಯುತ್ತದೆ. ಅರಮನೆಗೆ ಬಂದ ತಟ್ಟೆಗಳಿಗೆ ಅಷ್ಟೂ ಇರಲಿಲ್ಲ.

ಸಾಗಣೆ ಸರಿಯಾಗಿದೆಯೇ ಎಂದು ಕಿವಿಯನ್ನು ನಂಬದೆ ಪರೀಕ್ಷಿಸುವ ದಾರಿಯೂ ಇದೆ. ಹಳೆಯ ಸಾಫ್ಟ್‌ವೇರಿನಲ್ಲಿ ಪ್ಲಗಿನ್‌ಗಳನ್ನು ಬಂದ್ ಮಾಡಿ ಇಡೀ ಮಿಕ್ಸನ್ನು ಒಂದು ಕಡತ ಮಾಡಿ, ಹೊಸದರಲ್ಲೂ ಹಾಗೇ ಮಾಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದರ ಅಲೆಯನ್ನು ತಲೆಕೆಳಗು ಮಾಡಿ ನುಡಿಸಬೇಕು. ಎರಡೂ ಒಂದೇ ಆಗಿದ್ದರೆ ಏರಿಗೆ ಸರಿಯಾಗಿ ಇಳಿವು ಕೂಡಿ ಸೊನ್ನೆಯಾಗುತ್ತದೆ, ಅಂದರೆ ಏನೂ ಕೇಳಿಸಬಾರದು. ಗಾಯಕಿಯ ದನಿ ಸಣ್ಣಗೆ ಉಳಿದಿದ್ದರೆ ನಡುವಿನ ಧ್ವನಿ ತಗ್ಗಿಸುವ ಲೆಕ್ಕ ಬೇರೆಯಾಗಿದೆ; ವಯಲಿನ್ ಮಾತ್ರ ಪೂರ್ತಿ ಕೇಳುತ್ತಿದ್ದರೆ ಆ ತುಂಡು ಜಾಗ ಬಿಟ್ಟು ಸರಿದಿದೆ. ಪ್ಲಗಿನ್‌ಗಳಿದ್ದಾಗ ಈ ಪರೀಕ್ಷೆ ನಡೆಯದು, ಏಕೆಂದರೆ ಗುಂಯ್‌ಗುಡಿಸುವ ಕೆಲವು ಪ್ಲಗಿನ್‌ಗಳು ಪ್ರತಿ ಸಲವೂ ತುಸು ಬೇರೆಯಾಗಿ ನಡೆದುಕೊಳ್ಳುತ್ತವೆ. ಅಲ್ಲಿಂದ ಮುಂದಕ್ಕೆ ಕಿವಿಯೇ ಗತಿ. ಆಗ ಬಿಡುಗಡೆಯಾದ ಸಿ.ಡಿ. ಮನೆಯಲ್ಲಿದ್ದರೆ ಅದನ್ನೂ ಒಂದು ಟ್ರ್ಯಾಕಿನಲ್ಲಿ ಹಾಕಿಕೊಂಡು ಹೋಲಿಸಬಹುದು, ಆದರೆ ಹೋಲಿಸುವ ಮುನ್ನ ಎರಡರ ಜೋರನ್ನೂ ಒಂದೇ ಮಟ್ಟಕ್ಕೆ ತರಬೇಕು, ಇಲ್ಲವಾದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಹೇಳಿಬಿಡುತ್ತದೆ.