ಓಡುವ ಕಾಲು, ಹಿಡಿಯುವ ಕೈ

ಅಡೆತಡೆ ಓಟದಲ್ಲಿ ಗೆಲುವು ಬಹಳ ಸಲ ತೀರ್ಮಾನವಾಗುವುದು ಓಟಗಾರ ನಿಂತಿರುವಾಗ. ಏಳೆಂಟು ಕಿಲೋಮೀಟರ್ ಗುಡ್ಡ ಹತ್ತಿಳಿದು ಬಂದವನೆದುರು ಒಂದು ಎತ್ತರದ ಕಬ್ಬಿಣದ ಚೌಕಟ್ಟು. ಅದರಿಂದ ಬಳೆಗಳು, ಗಂಟು ಹಾಕಿದ ಹಗ್ಗಗಳು, ತುಂಡು ಪೈಪುಗಳು ತೂಗಾಡುತ್ತಿವೆ. ಒಂದರಿಂದ ಇನ್ನೊಂದಕ್ಕೆ ಜೋತಾಡುತ್ತ, ನೆಲಕ್ಕೆ ಕಾಲು ಸೋಕಿಸದೆ ಆಚೆ ತುದಿಯ ಗಂಟೆ ಬಾರಿಸಬೇಕು. ಎದೆ ಬಡಿದುಕೊಳ್ಳುತ್ತಿದೆ, ಅಂಗೈ ಒದ್ದೆಯಾಗಿದೆ, ಬೆನ್ನ ಹಿಂದೆ ಇನ್ನೊಬ್ಬನ ಹೆಜ್ಜೆಯ ಸದ್ದು ಹತ್ತಿರವಾಗುತ್ತಿದೆ. ಈಗಲೇ ಜಿಗಿಯುವುದೋ, ಹತ್ತು ಉಸಿರು ತಾಳುವುದೋ? ಈ ಆಟದ ಬಗ್ಗೆ ನನಗಿರುವ ಗೌರವವೆಲ್ಲ ಆ ಹತ್ತು ಉಸಿರಿನ ಮೇಲೆ ನಿಂತಿದೆ.

ಕೆಸರಲ್ಲಿ ಹೊರಳಾಡುವ ವಾರಾಂತ್ಯದ ಮೋಜು ಎಂದು ಇದನ್ನು ಬದಿಗೆ ಸರಿಸುವವರು ಬಹಳ ಮಂದಿ. ಆದರೆ ಇದರ ಬೇರು ಆಳದಲ್ಲಿದೆ. ಓಟ, ಹತ್ತುವುದು, ಹೊರುವುದು, ಎಸೆಯುವುದು, ಈಜು ಎಲ್ಲವನ್ನೂ ಒಂದೇ ವ್ಯಾಯಾಮದಲ್ಲಿ ಕಲಿಸಬೇಕೆಂದು ಫ್ರಾನ್ಸಿನ ನೌಕಾಧಿಕಾರಿ ಜಾರ್ಜ್ ಎಬೆರ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಪ್ರತಿಪಾದಿಸಿದ್ದ. ಸೇನೆಗಳು ಅದನ್ನು ತರಬೇತಿಗೆ ತೆಗೆದುಕೊಂಡವು. ಮಿಲಿಟರಿ ಪೆಂಟಾಥ್ಲಾನ್‌ನಲ್ಲಿ ಇಂದಿಗೂ 500 ಮೀಟರ್ ಹಾದಿಯಲ್ಲಿ 20 ಅಡೆತಡೆಗಳಿರುತ್ತವೆ. 1987ರಲ್ಲಿ ಇಂಗ್ಲೆಂಡಿನ ಪರ್ಟನ್ ಎಂಬಲ್ಲಿ ಬಿಲ್ಲಿ ವಿಲ್ಸನ್ ತನ್ನ ಹೊಲದಲ್ಲಿ ‘ಟಫ್ ಗೈ’ ಸ್ಪರ್ಧೆ ಶುರುಮಾಡಿ, ಸೈನಿಕರ ಕಸರತ್ತಿಗೆ ಸಾಮಾನ್ಯರನ್ನೂ ಕರೆದ. ಅಮೆರಿಕದ ಸ್ಪಾರ್ಟನ್ ರೇಸ್ ಆರಂಭವಾದದ್ದು 2010ರಲ್ಲಿ. ಇಷ್ಟು ಚರಿತ್ರೆ ಸಾಕು, ಕೈಯ ಕಡೆ ಬರೋಣ.

ದೂರದ ಓಟಗಾರನ ದೇಹ ಹಗುರವಾಗಿರಬೇಕು. ಭಾರ ಹೊತ್ತು ಗುಡ್ಡವೇರಲು, ಎಂಟಡಿ ಗೋಡೆಯ ಮೇಲೆ ಮೈಯನ್ನು ಎಳೆದುಕೊಳ್ಳಲು ಮಾಂಸಖಂಡ ಬೇಕು. ಒಂದನ್ನು ಬೆಳೆಸಿದರೆ ಇನ್ನೊಂದು ಸೊರಗುತ್ತದೆ. ಇವೆರಡನ್ನೂ ಒಂದೇ ಮೈಯಲ್ಲಿ ಹೊಂದಿಸುವುದು ಮೊದಲ ಕಷ್ಟ. ಅದಕ್ಕಿಂತ ದೊಡ್ಡದು ಹಿಡಿತ. ತುಂಬಿದ ಎರಡು ಕೊಡ ಹಿಡಿದು ದೂರದ ಬಾವಿಯಿಂದ ನಡೆದು ಬಂದವರಿಗೆ ಗೊತ್ತು, ಕಾಲು ಸೋಲುವ ಎಷ್ಟೋ ಮೊದಲೇ ಬೆರಳು ಬಿಚ್ಚಿಕೊಳ್ಳತೊಡಗುತ್ತವೆ. ಗಟ್ಟಿಯಾಗಿ ಹಿಡಿದಾಗ ಮುಂಗೈಯ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನೇ ಅದುಮುತ್ತವೆ. ಹೊಸ ರಕ್ತ ಬರುವುದಿಲ್ಲ, ಸ್ನಾಯು ಉಬ್ಬಿ ಕಲ್ಲಾಗುತ್ತದೆ. ಕೈ ಸಡಿಲಿಸಿದರಷ್ಟೇ ಅದಕ್ಕೆ ಜೀವ. ಮನಸ್ಸು ‘ಹಿಡಿ’ ಎಂದು ಎಷ್ಟು ಕೂಗಿದರೂ ಬೆರಳಿಗೆ ಕೇಳಿಸುವುದಿಲ್ಲ.

ಹಾಗಾಗಿ ನುರಿತವರ ವಿದ್ಯೆಯೆಲ್ಲ ಹಿಡಿತವನ್ನು ಉಳಿಸುವುದರಲ್ಲಿದೆ. ಹಗ್ಗ ಹತ್ತುವಾಗ ಹೊಸಬರು ತೋಳಿನಿಂದ ಎಳೆದುಕೊಳ್ಳುತ್ತಾರೆ. ಪಳಗಿದವರು ಹಗ್ಗವನ್ನು ಒಂದು ಪಾದದ ಕೆಳಗಿಂದ ಸುತ್ತಿ ತಂದು ಇನ್ನೊಂದು ಪಾದದಿಂದ ಒತ್ತಿ ಬೀಗ ಹಾಕುತ್ತಾರೆ. ಆಮೇಲೆ ಅದರ ಮೇಲೆ ಎದ್ದು ನಿಲ್ಲುವುದಷ್ಟೇ, ಭಾರವೆಲ್ಲ ಕಾಲಿನದು. ತಲೆಯ ಮೇಲೆ ಸಾಲಾಗಿರುವ ಅಡ್ಡಕಂಬಿಗಳ ಮಂಕಿ ಬಾರ್‌ನಲ್ಲಿ ಜೋತು ನಿಂತವನು ಸೋತ. ಮೈಯನ್ನು ತೂಗಿಬಿಟ್ಟು, ತೂಗಾಟದ ತುದಿಯಲ್ಲಿ ದೇಹ ಒಂದು ಕ್ಷಣ ಹಗುರವಾಗುತ್ತದಲ್ಲ, ಆಗ ಕೈ ಬದಲಿಸಬೇಕು. ಅರೆ ಸೆಕೆಂಡು ತಡವಾದರೆ ಅದೇ ದೇಹ ದುಪ್ಪಟ್ಟು ಭಾರ. ಕಲ್ಲು ತುಂಬಿದ ಬಕೆಟ್ ಹೊರುವಾಗಲೂ ಅಂಚನ್ನು ಬೆರಳಲ್ಲಿ ಹಿಡಿಯುವುದಿಲ್ಲ. ತಳದ ಕೆಳಗೆ ಕೈ ಬೆಸೆದು, ಎದೆಗೆ ಆನಿಸಿಕೊಂಡು, ಸಣ್ಣ ಹೆಜ್ಜೆ, ಸಣ್ಣ ಉಸಿರು.

ಇವೆಲ್ಲ ಅಭ್ಯಾಸದಿಂದ ಬರುತ್ತವೆ. ಅಭ್ಯಾಸಕ್ಕೆ ಸುಲಭವಾಗಿ ಸಿಗದಿರುವುದು ಮನಸ್ಸು. ಸ್ಪಾರ್ಟನ್ ರೇಸ್‌ನ ಈಟಿ ಎಸೆತವನ್ನೇ ನೋಡಿ. ಗುರಿ ಹತ್ತು ಮೀಟರಿನೊಳಗೇ ಇದೆ, ಆದರೆ ಅವಕಾಶ ಒಂದೇ. ತಪ್ಪಿದರೆ ಬಹುಕಾಲ ಇದ್ದ ಶಿಕ್ಷೆ 30 ಬರ್ಪಿ: ನೆಲಕ್ಕೆ ಮಲಗಿ, ಎದ್ದು, ಜಿಗಿದು, ಮತ್ತೆ ಮಲಗುವುದು. ಇಷ್ಟು ಹೊತ್ತು ಗೆದ್ದುಕೊಂಡ ಅಂತರವೆಲ್ಲ ಅಲ್ಲೇ ಕರಗುತ್ತದೆ. ಏದುಸಿರು ಬಿಡುತ್ತ ಬಂದವನು ನಾಲ್ಕೈದು ಸೆಕೆಂಡು ನಿಂತು, ಈಟಿಗೆ ಕಟ್ಟಿದ ಹಗ್ಗ ತೊಡಕಾಗದಂತೆ ಸರಿಸಿ, ಉಸಿರು ಹೊರಹಾಕಿ ಎಸೆಯುತ್ತಾನೆ. ಆ ನಾಲ್ಕು ಸೆಕೆಂಡು ತಾಳಲಾರದವರು ನಾಲ್ಕು ಕಿಲೋಮೀಟರ್ ಹೆಚ್ಚು ವೇಗವಾಗಿ ಓಡಿದರೂ ಪ್ರಯೋಜನವಿಲ್ಲ.

ಇನ್ನೂ ಕಠೋರವಾದದ್ದು 2014ರಲ್ಲಿ ಅಮೆರಿಕದ ಒಹಾಯೊದಲ್ಲಿ ಶುರುವಾದ ಅಡೆತಡೆ ಓಟದ ವಿಶ್ವ ಚಾಂಪಿಯನ್‌ಶಿಪ್‌ನ ನಿಯಮ. ಅಲ್ಲಿ ಬರ್ಪಿಯ ವಿನಾಯಿತಿ ಇಲ್ಲ. ಹೊರಡುವಾಗ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಒಂದು ಅಡೆತಡೆ ದಾಟಲಾಗದಿದ್ದರೆ ಮತ್ತೆ ಪ್ರಯತ್ನಿಸಬಹುದು, ಎಷ್ಟು ಸಲವಾದರೂ. ಕೈಬಿಟ್ಟರೆ ಪಟ್ಟಿ ಹೋಯಿತು. ಗುರಿ ಮುಟ್ಟಬಹುದು, ಆದರೆ ಪಟ್ಟಿ ಉಳಿಸಿಕೊಂಡವರೆಲ್ಲರ ನಂತರವೇ ಸ್ಥಾನ. ಬಿದ್ದೊಡನೆ ಹಟಕ್ಕೆ ಮತ್ತೆ ಜಿಗಿದರೆ ಮುಂಗೈ ಇನ್ನಷ್ಟು ಬೇಗ ಸೋಲುತ್ತದೆ. ಕಾಯುತ್ತ ಕೂತರೆ ಮೈ ತಣ್ಣಗಾಗುತ್ತದೆ, ಇತರರು ದಾಟಿಹೋಗುತ್ತಾರೆ. ಕೈ ಕೊಡವುತ್ತ, ನೆಲ ನೋಡುತ್ತ, ಹಟವನ್ನು ಅದುಮಿಟ್ಟು ತನ್ನ ಸ್ನಾಯುವಿನ ಲೆಕ್ಕ ಹಾಕುವವರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಧೈರ್ಯ ಎಂದರೆ ನುಗ್ಗುವುದು ಎಂಬ ನಮ್ಮ ಎಣಿಕೆ ಅಲ್ಲಿ ನಿಲ್ಲುವುದಿಲ್ಲ.

ಆ ಚಾಂಪಿಯನ್‌ಶಿಪ್ಪನ್ನು ಹಲವು ಬಾರಿ ಗೆದ್ದ ಬ್ರಿಟನ್ನಿನ ಜಾನ್ ಆಲ್ಬನ್ 2019ರಲ್ಲಿ ಪೋರ್ಚುಗಲ್‌ನಲ್ಲಿ ಟ್ರೇಲ್ ಓಟದ ವಿಶ್ವ ಚಾಂಪಿಯನ್ ಕೂಡ ಆದರು. ಬಳೆ ಹಿಡಿದು ತೂಗುವವರಿಗೆ ನಿಜವಾದ ಓಟ ಬಾರದು ಎನ್ನುವವರಿಗೆ ಅದೇ ಉತ್ತರ. ಅಮೀಲಿಯಾ ಬೂನ್ ಅವರದು ಇನ್ನೊಂದೇ ಬಗೆ. ವೃತ್ತಿಯಲ್ಲಿ ವಕೀಲೆ. 24 ಗಂಟೆ ನಡೆಯುವ ‘ವರ್ಲ್ಡ್ಸ್ ಟಫೆಸ್ಟ್ ಮಡ್ಡರ್’ ಅನ್ನು ಮಹಿಳಾ ವಿಭಾಗದಲ್ಲಿ ಮೂರು ಬಾರಿ ಗೆದ್ದವರು. 2012ರಲ್ಲಿ ಪುರುಷರನ್ನೂ ಸೇರಿಸಿ ಎಲ್ಲರಲ್ಲಿ ಎರಡನೆಯವರಾಗಿ ನಿಂತರು. 2014ರ ಗೆಲುವು ಮಂಡಿಯ ಶಸ್ತ್ರಚಿಕಿತ್ಸೆಯಾದ ಎಂಟು ವಾರಕ್ಕೆ ಬಂದದ್ದು. ಆ ಸ್ಪರ್ಧೆಯಲ್ಲಿ ರಾತ್ರಿಯ ಶತ್ರು ಚಳಿ. ನೀರಿಗೆ ಧುಮುಕಿ ಎದ್ದು, ಗಾಳಿಗೆ ಒಡ್ಡಿಕೊಂಡು, ಮತ್ತೆ ಅದೇ ಸುತ್ತು. ಬೆರಳು ಮರಗಟ್ಟಿದಾಗ ಬಳೆ ಕೈಯಲ್ಲಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕು. ಈಜುಗಾರರ ರಬ್ಬರ್ ಉಡುಪು ತೊಟ್ಟೇ ಸ್ಪರ್ಧಿಗಳು ಬೆಳಗಿನವರೆಗೆ ಓಡುತ್ತಾರೆ.

ಪ್ಯಾರಿಸ್ ಒಲಿಂಪಿಕ್ಸ್ ಬಳಿಕ ಮಾಡರ್ನ್ ಪೆಂಟಾಥ್ಲಾನ್‌ನಿಂದ ಕುದುರೆ ಸವಾರಿಯನ್ನು ತೆಗೆದು, ಆ ಜಾಗಕ್ಕೆ ಅಡೆತಡೆ ಓಟವನ್ನು ತಂದಿದ್ದಾರೆ. 2028ರ ಲಾಸ್ ಏಂಜಲಿಸ್‌ನಲ್ಲಿ ಅದು ಮೊದಲ ಬಾರಿ ಒಲಿಂಪಿಕ್ ಕಣಕ್ಕೆ ಬರುತ್ತದೆ. ನೂರು ಮೀಟರೂ ಇಲ್ಲದ ಆ ಪುಟ್ಟ ಹಾದಿಯಲ್ಲಿ ಗುಡ್ಡವೂ ಚಳಿಯೂ ಇರುವುದಿಲ್ಲ, ತಾಳ್ಮೆಯ ಪರೀಕ್ಷೆಗೂ ಎಡೆ ಕಡಿಮೆ. ಈ ಕಲೆಯ ಪೂರ್ಣ ರೂಪ ಉದ್ದದ ಓಟದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲೂ ‘ಡೆವಿಲ್ಸ್ ಸರ್ಕ್ಯೂಟ್’ನಂಥ ಅಡೆತಡೆ ಓಟಗಳು ನಡೆಯುತ್ತವೆ. ನೋಡಲು ಹೋದರೆ ದಯವಿಟ್ಟು ಗೆರೆ ದಾಟುವ ಜಾಗದಲ್ಲಿ ಮಾತ್ರ ನಿಂತು ಬರಬೇಡಿ. ಕೈಯಿಂದ ತೂಗಬೇಕಾದ ಅಡೆತಡೆಯ ಪಕ್ಕ ಹೋಗಿ ನಿಲ್ಲಿ. ಜಿಗಿಯುವ ಮುಂಚೆ ಓಟಗಾರರು ಎಷ್ಟು ಉಸಿರು ತಾಳುತ್ತಾರೆ ಎಂದು ಎಣಿಸಿ.