ಚಿಕ್ಕಿಯ ರಿಪೋರ್ಟು, ಗ್ರೂಪಿನ ಲಕ್ಷ್ಮಣ ಫಲ

ನಾವುಂದದ ಚಿಕ್ಕಿಗೆ ಸ್ತನ ಕ್ಯಾನ್ಸರ್, ಅದು ಮೂಳೆಗೂ ಹರಡಿದೆ ಅಂತ ಗೊತ್ತಾದ ವಾರವೇ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಫಾರ್ವರ್ಡ್‌ಗಳ ಮಳೆ. ಲಕ್ಷ್ಮಣ ಫಲ ಕೀಮೋಗಿಂತ ಮೇಲಂತೆ, ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತದಂತೆ. ಬೆಂಗಳೂರಲ್ಲಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವಳು ಅಂತ, ನಿಜ ಯಾವುದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. "ಎಂತಾಯ್ತ್ ಅಂದೇಳಿ ಮೊದ್ಲ್ ನಂಗ್ ಹೇಳ್ ಮಗಾ" ಅಂದಳು ಚಿಕ್ಕಿ.

ಲಕ್ಷ್ಮಣ ಫಲದ ಕಥೆ ಬೇಗ ಮುಗಿಯಿತು. ಪ್ರಯೋಗಾಲಯದಲ್ಲಿ ಅದರ ಸಾರ ಕ್ಯಾನ್ಸರ್ ಜೀವಕೋಶಗಳನ್ನು ಕೊಂದದ್ದು ನಿಜ, ಮನುಷ್ಯರಲ್ಲಿ ಗುಣಪಡಿಸಿದ್ದಕ್ಕೆ ಪುರಾವೆ ಇಲ್ಲ.

"ಕ್ಯಾನ್ಸರಿಗೆ ಔಷಧಿ" ಅಂತ ಹುಡುಕಿದರೆ ಸಿಗುವುದು ಬರೀ ಸಂತೆ. ನಮಗೆ ದಾರಿ ತೋರಿಸಿದ್ದು ಬಯಾಪ್ಸಿ ರಿಪೋರ್ಟು. ಅದರಲ್ಲಿ ಇಆರ್, ಪಿಆರ್, ಹರ್2 ಅಂತ ಮೂರು ಹೆಸರು, ಪಕ್ಕದಲ್ಲಿ ಪಾಸಿಟಿವ್ ಇಲ್ಲವೇ ನೆಗೆಟಿವ್. ಮೊದಲೆರಡು ಪಾಸಿಟಿವ್ ಅಂದರೆ ಹಾರ್ಮೋನಿನ ಬಲದಿಂದ ಬೆಳೆಯುವ ಗಡ್ಡೆ. ಅನೇಕರಿಗೆ ಚಿಕಿತ್ಸೆ ಶುರುವಾಗುವುದು ಕೀಮೋದಿಂದಲ್ಲ, ಹಾರ್ಮೋನ್ ತಡೆಯುವ ಔಷಧಿಯಿಂದ. ಚಿಕ್ಕಿಯದ್ದು ಈ ಬಗೆ. ಹರ್2 ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್‌ನಂಥ ಔಷಧಿ. ಮೂರೂ ನೆಗೆಟಿವ್ ಆದರೆ ದಾರಿಯೇ ಬೇರೆ. ಹಾಗಾಗಿ "ನಮ್ಮ ಅತ್ತಿಗೆಗೆ ಇದನ್ನೇ ಕೊಟ್ಟಿದ್ದು" ಅನ್ನುವವರ ಮಾತು ಒಳ್ಳೆಯ ಮನಸ್ಸಿನದ್ದೇ, ಆದರೆ ಆ ಅತ್ತಿಗೆಯ ಕಾಯಿಲೆ ಬೇರೆ ಇರಬಹುದು.

ಓದಲು ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೆರಿಕದ ಎನ್‌ಸಿಸಿಎನ್ ರೋಗಿಗಳಿಗೆಂದೇ ಉಚಿತವಾಗಿ ಕೊಡುವ ಇಂಗ್ಲಿಷ್ ಪುಸ್ತಕ. ಹರಡಿದ ಸ್ತನ ಕ್ಯಾನ್ಸರಿಗೇ ಅಂತ ಪ್ರತ್ಯೇಕ ಪುಸ್ತಕವಿದೆ, ಯಾವ ವರ್ಷದ್ದು ಅಂತ ಮುಖಪುಟದಲ್ಲೇ ಗೊತ್ತಾಗುತ್ತದೆ. ವರ್ಷ ನೋಡುವುದು ಮುಖ್ಯ. ಎಷ್ಟು ಜನ ಐದು ವರ್ಷ ಬದುಕುತ್ತಾರೆ ಅನ್ನುವ ಲೆಕ್ಕ ಬರುವುದು ಹಿಂದೆ ಚಿಕಿತ್ಸೆ ಪಡೆದವರಿಂದ, ಅವರಿಗೆ ಸಿಗದ ಔಷಧಿ ಈಗ ಇರಬಹುದು. ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಬೆಂಗಳೂರಿನ ಬಯೋಕಾನ್ ತನ್ನದನ್ನು ಮಾರುಕಟ್ಟೆಗೆ ತಂದದ್ದು 2014ರಲ್ಲಿ.

ಕಷ್ಟದ ಮಾತು ಇನ್ನೊಂದಿತ್ತು. ನಾಲ್ಕನೇ ಹಂತ ಸಾಮಾನ್ಯವಾಗಿ ಪೂರ್ತಿ ಗುಣವಾಗುವುದಿಲ್ಲ. ಹತೋಟಿಯಲ್ಲಿ ಇಡಬಹುದು, ಕೆಲವರಿಗೆ ವರ್ಷಗಟ್ಟಲೆ. ಚಿಕ್ಕಪ್ಪ "ಅವ್ಳಿಗೆ ಹೇಳ್ಬೇಡ" ಅಂದಿದ್ದರು. ಗುಣ ಗ್ಯಾರಂಟಿ ಅಂದ ಯಾರೋ ಒಬ್ಬರಿಗೆ ಕೊಡಲು ಗದ್ದೆ ಮಾರುವ ಮಾತೂ ನಡೆದಿತ್ತು. ನಾನು ಚಿಕ್ಕಿಗೆ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರೆ ಗದ್ದೆ ಮಾರುದ್ ಬ್ಯಾಡ" ಅಂದಳು.

ಮುಂದಿನ ಭೇಟಿಗೆ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ರಶ್ನೆ ಬರೆದುಕೊಂಡೆವು. ಮಾತ್ರೆ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ, ಎಷ್ಟು ದಿನಕ್ಕೆ? ಮಾಡದಿದ್ದರೆ ಮುಂದೇನು? ಮೂಳೆ ನೋವಿಗೆ ಪ್ಯಾಲಿಯೇಟಿವ್ ವಿಭಾಗದವರನ್ನು ಈಗಲೇ ಕಾಣಬಹುದಾ? (ಕಾಣಬಹುದು, ಅದು ಕೊನೆಗಾಲಕ್ಕೆ ಮಾತ್ರ ಇರುವ ವಿಭಾಗವಲ್ಲ.) ನಾಲ್ಕನೆಯದನ್ನು ಚಿಕ್ಕಿಯೇ ಸೇರಿಸಿದಳು: "ಮೀನ್ ತಿನ್ಲಕ್ಕಾ?"

ಡಾಕ್ಟರ್ ನಕ್ಕು, "ಚೆನ್ನಾಗಿ ಬೇಯಿಸಿ ತಿನ್ನಿ" ಅಂದರು.